ಒಂದು ಊರಿಗೆ ಇಬ್ಬರು ಪೋಪೋ

ನನ್ನ ಬೀಗಿತ್ತಿ ಮಾಯ್ ಯೂಲಾನ್‌ಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ಗ್ವಾಂಗ್‌ಝೌದ ಒಂದು ಓಣಿಯಲ್ಲಿ ಕಹಿ ಕಷಾಯ ಕಾಸಿ ಮಾರುತ್ತಿದ್ದ ಹೆಂಗಸು. ಗಂಡ ಬೇಗ ತೀರಿಕೊಂಡ. ಆ ಕಷಾಯದ ಹಂಡೆಯ ಮುಂದೆ ನಿಂತೇ ಮಗಳನ್ನು ಓದಿಸಿದಳು. ಆ ಮಗಳೇ ನನ್ನ ಸೊಸೆ. ಇಷ್ಟೆಲ್ಲ ಪಾಡು ಪಟ್ಟವಳ ಮುಖ ಗಂಟು ಹಾಕಿಕೊಂಡಿರಬೇಕು ತಾನೆ? ಇಲ್ಲ, ಯಾವಾಗಲೂ ನಗು. ಹತ್ತಿಗಿರಣಿಯಲ್ಲಿ ದುಡಿದು ಬಂದ ನನ್ನ ಮುಖ ಕಂಡರೆ ಪಕ್ಕದ ಮನೆಯ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ.

ಹೋದ ಬೇಸಿಗೆಯಲ್ಲಿ ಆಕೆ ನಮ್ಮ ಚೊಂಗ್‌ಚಿಂಗ್‌ಗೆ ಬಂದದ್ದು ಮೊಮ್ಮಗಳು ಯಾಯಾಳನ್ನು ಕರೆದೊಯ್ಯಲು. ಮಗ, ಸೊಸೆ ಇಬ್ಬರಿಗೂ ಕೆಲಸ ಗ್ವಾಂಗ್‌ಝೌದಲ್ಲಿ. ಮಗು ಹಾಲು ಬಿಟ್ಟಾಗಿನಿಂದ ಸಾಕಿದವಳು ನಾನು. ಈಗ ಒಂದನೇ ತರಗತಿಗೆ ಸೇರಿಸಬೇಕು. “ಅಲ್ಲಿಗೆ ಬರ್ತಾಳೋ, ನಿನ್ ಹತ್ರಾನೇ ಇರ್ತಾಳೋ, ಅವಳನ್ನೇ ಕೇಳೋಣಮ್ಮ. ಬಲವಂತ ಬೇಡ,” ಎಂದಿದ್ದ ಮಗ ಫೋನಿನಲ್ಲಿ. ಸರಿ, ಬೀಗಿತ್ತಿಗೆ ಊರು ತೋರಿಸೋಣವೆಂದು ಮೂವರೂ ಹೊರಟೆವು. ನನ್ನ ಕಣ್ಣೆಲ್ಲ ಮಗುವಿನ ಮೇಲೇ. ಅದರ ಕೈ ಯಾರ ಕೈಯಲ್ಲಿದೆ ಅನ್ನುವುದೇ ನನಗೆ ಆವತ್ತಿನ ಊರು.

ತಕರಾರು ಎದ್ದದ್ದು ಒಂದೇ ಒಂದು ಮಾತಿನಿಂದ. ನಮ್ಮಲ್ಲಿ ಪೋಪೋ ಅಂದರೆ ಅಪ್ಪನ ಅಮ್ಮ. ಅವರಲ್ಲಿ ಅದೇ ಪೋಪೋ ಅಂದರೆ ಅಮ್ಮನ ಅಮ್ಮ! ಫೋನಿನಲ್ಲೇ ಮಗುವಿಗೆ ಅದನ್ನು ಕಲಿಸಿಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಮಗು “ಪೋಪೋ” ಎಂದಾಗಲೆಲ್ಲ ಇಬ್ಬರೂ ತಿರುಗುತ್ತಿದ್ದೆವು.

“ನೀನಲ್ಲ, ಆ ಪೋಪೋ,” ಎನ್ನುತ್ತಿತ್ತು ಮಗು ನನಗೆ.

ಒಂದು ಸಲ ಆಯಿತು, ಎರಡು ಸಲ ಆಯಿತು. ನದಿಯ ಮೇಲೆ ತಂತಿಯಲ್ಲಿ ಸಾಗುವ ತೂಗುಗಾಡಿಯಲ್ಲಿ, “ಪೋಪೋ, ದೋಣಿ ನೋಡು!” ನಾನು ಬಗ್ಗಿ ನೋಡಿದರೆ, “ನೀನು ದಿನಾ ನೋಡ್ತೀಯಲ್ಲ!” ಊಟಕ್ಕೆ ಕೂತಾಗಲಂತೂ ನನ್ನ ಮೈಯೆಲ್ಲ ಉರಿದುಹೋಯಿತು. ಮಗುವಿಗೆ ಖಾರ ತಿನ್ನಲು ಕಲಿಸಿದವಳು ನಾನು. ಅದೇ ಮಗು ಕುದಿಯುವ ಮೆಣಸಿನೆಣ್ಣೆಯಿಂದ ಮಾಂಸದ ಚೂರು ಎತ್ತಿ, ಖಾರ ಹೋಗಲೆಂದು ಚಹಾದಲ್ಲಿ ಅದ್ದಿ, ಉಫ್ ಉಫ್ ಎಂದು ಊದಿ ಬೀಗಿತ್ತಿಯ ಬಾಯಿಗೆ ಇಡುತ್ತಿದೆ! ನನ್ನ ಬಟ್ಟಲಿಗೆ ಒಂದು ಸೊಪ್ಪಿನ ದಂಟೂ ಬೀಳಲಿಲ್ಲ.

“ಅಕ್ಕಾ, ನೀವೂ ತಿನ್ನಿ,” ಎಂದಳು ಬೀಗಿತ್ತಿ.

“ನಂಗೆ ಹೊಟ್ಟೆ ತುಂಬಿದೆ ಬೀಗ್ರೇ,” ಎಂದೆ. ಯಾವುದರಿಂದ ತುಂಬಿತ್ತು ಎಂದು ಬೇರೆ ಹೇಳಬೇಕೆ?

ಲೀಝಿಬಾ ನಿಲ್ದಾಣದಲ್ಲಿ ರೈಲು ಬಹುಮಹಡಿ ಕಟ್ಟಡದೊಳಕ್ಕೇ ನುಗ್ಗುತ್ತದೆ. ಬಂದವರೆಲ್ಲ ಕೆಳಗಿನ ಬೀದಿಯಲ್ಲಿ ನಿಂತು, ಬಾಯಿ ತೆರೆದು, ರೈಲನ್ನು ನುಂಗುವ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಮಂಗಾಟಕ್ಕೆ ನಾನು ಯಾವತ್ತೂ ನಿಂತವಳಲ್ಲ. ಬೀಗಿತ್ತಿ ನಿಂತಳು. “ಇನ್ನೂ ದೊಡ್ಡದಾಗಿ ತೆಗಿ ಪೋಪೋ! ಹಲ್ಲು ಕಾಣ್ಬೇಕು!” ಎಂದು ಮಗು ಕುಣಿಯಿತು. ನಾನು ಮೂವರ ಚೀಲ ಹೊತ್ತುಕೊಂಡು ನಿಂತಿದ್ದೆ.

ಆಮೇಲೆ ಮೇಲೆ ಹತ್ತಿ ರೈಲಿಗೆ ಕಾದೆವು. ಜನವೋ ಜನ. ರೈಲು ಬಂದದ್ದೇ ತಡ, ಹಿಂದಿನಿಂದ ದಬ್ಬಿದರು. ನಾನೊಂದು ಬಾಗಿಲಲ್ಲಿ, ಬೀಗಿತ್ತಿ ಇನ್ನೊಂದು ಬಾಗಿಲಲ್ಲಿ ಒಳಗೆ ಬಿದ್ದೆವು. ಮಗು ಆಕೆಯ ಕೈಯಲ್ಲಿದೆ ಎಂದುಕೊಂಡೆ.

“ಪೋಪೋ!”

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ‘ನೀನಲ್ಲ’ ಅನ್ನಿಸಿಕೊಳ್ಳಲು ಇನ್ನೊಂದು ಸಲ ತಿರುಗಬೇಕೆ? ಅವಳೇ ತಿರುಗಲಿ ಎಂದು ಕತ್ತು ಬಿಗಿಹಿಡಿದು ನಿಂತೆ. ಬಾಗಿಲು ಮುಚ್ಚಿತು, ರೈಲು ಹೊರಟಿತು. ಬೀಗಿತ್ತಿ ಜನರ ನಡುವೆ ತೂರಿಕೊಂಡು ಬಂದಳು, ಒಬ್ಬಳೇ.

“ಯಾಯಾ ಎಲ್ಲಿ?” ಎಂದೆ.

“ನಿಮ್ಮನ್ನಲ್ವಾ ಅಕ್ಕಾ ಕರೆದಿದ್ದು?” ಆಕೆಯ ತುಟಿ ಬಿಳಿಚಿಕೊಂಡಿತ್ತು. “ಬೆಳಗ್ಗೆಯಿಂದ ನಿಮ್ ಮುಖ ನೋಡ್ತಿದ್ದೆ. ಈ ಸಲ ನೀವೇ ತಿರುಗಲಿ ಅಂತ ಸುಮ್ನಾದೆ.”

ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ರೈಲು ಹತ್ತಿದೆವು. ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದೆವು ಎಂದು ಗೊತ್ತಾದದ್ದು ಲೀಝಿಬಾದಲ್ಲಿ ಇಳಿದ ಮೇಲೆ. ಮಗು ನಿಲ್ದಾಣದ ಕೆಲಸದಾಕೆಯ ಸೊಂಟಕ್ಕೆ ಆತುಕೊಂಡು ಬಿಕ್ಕುತ್ತಿತ್ತು.

“ಇಬ್ಬರು ಪೋಪೋ ಬಂದಿದಾರೆ ಅಂತಿದೆ ಮಗು,” ಎಂದಳು ಆ ಕೆಲಸದಾಕೆ. “ಇಬ್ರಿದ್ದೂ ಒಬ್ರಿಗೂ ಕಿವಿ ಇಲ್ವೇನಮ್ಮಾ?”

ಬೀಗಿತ್ತಿ ನೆಲದ ಮೇಲೇ ಮಂಡಿಯೂರಿದಳು. “ಪುಟ್ಟಾ, ಇನ್ಮೇಲೆ ನನ್ನ ಪೋಪೋ ಅನ್ಬೇಡ. ಈ ಊರಲ್ಲಿ ಅದು ಇವರ ಹೆಸರು. ಇಲ್ಲಿ ಅಮ್ಮನ ಅಮ್ಮಂಗೆ ಏನಂತಾರೆ?”

“ಗಾಗಾ,” ಎಂದಿತು ಮಗು, ಮೂಗು ಒರೆಸಿಕೊಂಡು. ನಮ್ಮೂರ ಎಳೆ ಮಕ್ಕಳ ಬಾಯಲ್ಲಿ ಮಾಂಸಕ್ಕೂ ಅದೇ ಮಾತು. ಅದು ನೆನಪಾಗಿ ಅಳುವಿನ ನಡುವೆಯೇ ಕಿಸಕ್ಕೆಂದಿತು.

“ಮಾಂಸವೇ ಆಗ್ಲಿ, ತಿಂದ್ಬಿಡು! ಎಲ್ಲಿ, ಕರಿ ನೋಡೋಣ.”

“ಗಾಗಾ!”

“ಓ!”

ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಳು! ನಾನು ದಿನವಿಡೀ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಹೆಸರು. ಆ ಸಂಜೆ ಮಗ ಫೋನ್ ಮಾಡಿ ಕೇಳಿದ, “ಯಾರ ಜೊತೆ ಇರ್ತೀಯಾ ಪುಟ್ಟಾ?”

ಮಗು ಯೋಚಿಸಲೂ ಇಲ್ಲ. “ಗಾಗಾ ಜೊತೆ ಬರ್ತೀನಿ. ಪೋಪೋ ಅಂದ್ರೆ ಯಾರೂ ತಿರುಗಲ್ಲಪ್ಪ. ಗಾಗಾ ಅಂದ್ರೆ ತಿರುಗ್ತಾರೆ.”

ಈಗ ಯಾಯಾ ಗ್ವಾಂಗ್‌ಝೌದಲ್ಲಿದ್ದಾಳೆ. ಫೋನಿನ ಪರದೆಯಲ್ಲಿ ಮುಖ ಮೂಡುವ ಮೊದಲೇ “ಪೋಪೋ!” ಎಂದು ಕೂಗುತ್ತಾಳೆ, ಆ ಕೂಗು ಮುಗಿಯುವ ಮೊದಲೇ ನಾನು “ಇಲ್ಲೇ ಇದೀನಿ ಕಣೇ” ಎನ್ನುತ್ತೇನೆ. ಹಿಂದೆ ಅಡುಗೆಮನೆಯಲ್ಲಿ ಬೀಗಿತ್ತಿ ಸಾರು ಕುದಿಸುತ್ತಿರುತ್ತಾಳೆ. ಅದು ಆಕೆಯ ಊರು, ಅಲ್ಲಿ ಆ ಹೆಸರು ಆಕೆಯದೇ. ಆದರೂ ಆಕೆ ತಿರುಗುವುದಿಲ್ಲ. ಅದನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ.