ಒಂದೇ ಬಾಟ್ಲಿ ಇಬ್ಬರಿಗೆ ಹೋಗದಂತೆ ಕಾಯುವಾಕೆ

ಬೆಳಗಿನ ಆರೂಕಾಲು. ದೇಶಪಾಂಡೆ ನಗರದ ಆ ರಕ್ತನಿಧಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಹುಲಿಗೆವ್ವ ಎರಡು ಕಂಪ್ಯೂಟರುಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಪರೀಕ್ಷೆಗೆಂದು, ಹೆಸರಿಗೆ ಮಾತ್ರ ಇರುವ ಒಂದು ಬಾಟ್ಲಿ ರಕ್ತವನ್ನು ದಾಖಲಿಸಿದ್ದಾರೆ. ಎಡಗೈ ಒಂದು ಕೀಲಿಮಣೆಯ ಮೇಲೆ, ಬಲಗೈ ಇನ್ನೊಂದರ ಮೇಲೆ. ಅದೇ ಬಾಟ್ಲಿ ಬೇಕೆಂದು ಎರಡನ್ನೂ ಒಟ್ಟಿಗೇ ಒತ್ತುತ್ತಾರೆ. ಒಂದು ಪರದೆಯಲ್ಲಿ ‘ಕೊಡಲಾಗಿದೆ’, ಇನ್ನೊಂದರಲ್ಲಿ ‘ಇಲ್ಲ’. ಹೀಗೆ ದಿನಾಲೂ ಇನ್ನೂರು ಸಲ. ಎಂಟಕ್ಕೆ ರಕ್ತದ ಚೀಟಿ ಕೊಡುವ ಕಿಟಕಿಗಳು ತೆರೆಯುವಷ್ಟರಲ್ಲಿ ಮುಗಿಯಬೇಕು.

“ನಿನ್ನಿ ಸರಿ ಇತ್ತಂದ್ರ ಇವತ್ತೂ ಸರಿ ಇರತೈತಿ ಅಂತ ನನಗ ನಂಬಿಕಿ ಬರಂಗಿಲ್ರಿ,” ಎನ್ನುತ್ತಾರೆ.

ಮೂವತ್ತೆರಡರ ಹುಲಿಗೆವ್ವ ಕಮರಿಪೇಟೆಯವರು. ತಂದೆ ಬೀರಲಿಂಗಪ್ಪ ತಾರಿಹಾಳದಲ್ಲಿ ಲೇಥ್ ಮಷೀನು ನಡೆಸುತ್ತಿದ್ದರು. ಪಾಲಿಟೆಕ್ನಿಕ್ ಮುಗಿಸಿದ ಮಗಳು ೧೯೯೯ರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತರು. ೨೦೦೨ರಲ್ಲಿ ಈ ರಕ್ತನಿಧಿಯ ಪ್ರೋಗ್ರಾಂ ಬರೆದದ್ದು ಅವರೊಬ್ಬರೇ. ಆಗ ಇದ್ದದ್ದು ಒಂದೇ ಕಿಟಕಿ. ಗದ್ದಲ ಹೆಚ್ಚಿ ಎರಡಾದ ಮೇಲೆ ಶುರುವಾಯಿತು ಫಜೀತಿ.

೨೦೦೩ರ ಮಳೆಗಾಲದ ಒಂದು ಮಧ್ಯಾಹ್ನ ಫ್ರಿಜ್ಜಿನಲ್ಲಿ ಓ ನೆಗೆಟಿವ್ ಗುಂಪಿನದು ಒಂದೇ ಬಾಟ್ಲಿ ಉಳಿದಿತ್ತು. ಒಂದು ಕಿಟಕಿಯಲ್ಲಿ ಅಪಘಾತವಾದ ಲಾರಿ ಚಾಲಕನ ಅಣ್ಣ. ಇನ್ನೊಂದರಲ್ಲಿ ಖಾತುನಬಿ; ಅವರ ಮಗಳು ನೂರಜಹಾನಳಿಗೆ ಹೆರಿಗೆಯಾಗಿ ರಕ್ತಸ್ರಾವ ನಿಂತಿರಲಿಲ್ಲ. ಇಬ್ಬರ ಕೈಗೂ ರಕ್ತ ಇದೆ ಎಂಬ ಚೀಟಿ ಬಂತು. ಇಬ್ಬರೂ ಅದನ್ನು ನಂಬಿ ಅರ್ಧ ತಾಸು ಕೂತರು. ಎರಡರಲ್ಲೂ ಇದ್ದದ್ದು ಅದೇ ಬಾಟ್ಲಿಯ ನಂಬರು.

ಲ್ಯಾಬಿನ ಗೌಸಮೊದ್ದೀನ ಹುಲಿಗೆವ್ವರ ಬಳಿ ಓಡಿ ಬಂದರು. “ಅಕ್ಕಾರ, ಬಾಟ್ಲಿ ಒಂದೈತಿ, ಮಂದಿ ಇಬ್ಬರದಾರ. ಯಾರಿಗೆ ಕೊಡ್ಲಿ ಹೇಳ್ರಿ?”

ವೈದ್ಯರು ಚಾಲಕನಿಗೆ ಕೊಡಿಸಿದರು. ನೂರಜಹಾನಳಿಗೆ ಧಾರವಾಡದಿಂದ ಬಾಟ್ಲಿ ಬರಲು ಇನ್ನೂ ಒಂದು ತಾಸು ಹಿಡಿಯಿತು. ಅಷ್ಟೂ ಹೊತ್ತು ಖಾತುನಬಿ ಚೀಟಿ ಚಾಚಿ ಕೇಳುತ್ತಲೇ ಇದ್ದರು: “ಐತಿ ಅಂತ ಇದರಾಗ ಬರದೀರಲ್ಲ ಬೇಟಿ, ಮತ್ತ ಈಗ್ಯಾಕ ಇಲ್ಲಂತೀರಿ?”

ನೂರಜಹಾನ ಉಳಿದಳು. ತಪ್ಪು ಎಲ್ಲಿತ್ತೆಂದು ಹುಲಿಗೆವ್ವ ಹೀಗೆ ವಿವರಿಸುತ್ತಾರೆ:

“ಪ್ರೋಗ್ರಾಂ ಒಳಗ ಒಂದೊಂದು ಕಿಟಕಿ ಕೆಲಸಾ ಒಂದೊಂದು ಥ್ರೆಡ್ ಮಾಡತೈತ್ರಿ. ಇಬ್ಬರು ಕಾರಕೂನರು ಒಂದ ಲೆಕ್ಕದ ಪುಸ್ತಕದಾಗ ಬರದಂಗ. ಒಬ್ಬಾಂವ ‘ಬಾಟ್ಲಿ ಐತಿ’ ಅಂತ ನೋಡಿ, ‘ಕೊಟ್ಟೆ’ ಅಂತ ಬರಿಯೂದರಾಗ ಇನ್ನೊಬ್ಬಾಂವನೂ ‘ಐತಿ’ ಅಂತ ನೋಡಿಬಿಟ್ಟಿದ್ದ.”

ನೋಡುವುದು, ಬರೆಯುವುದು ಎರಡೂ ಮುಗಿಯುವ ತನಕ ಇನ್ನೊಂದು ಥ್ರೆಡ್ ಹೊರಗೇ ಕಾಯುವಂತೆ ಅವರು ಬೀಗ ಹಾಕಿದರು. ಹನ್ನೊಂದು ದಿನ ಎಲ್ಲ ಸುಸೂತ್ರ. ಹನ್ನೆರಡನೆಯ ದಿನ ಎರಡೂ ಪರದೆಗಳು ಇದ್ದಲ್ಲೇ ನಿಂತವು. ಒಂದು ಥ್ರೆಡ್ ಬಾಟ್ಲಿಗಳ ಪಟ್ಟಿಗೆ ಬೀಗ ಹಾಕಿಕೊಂಡು ರೋಗಿಗಳ ಪಟ್ಟಿಗಾಗಿ ಕಾಯುತ್ತಿತ್ತು. ಇನ್ನೊಂದು ರೋಗಿಗಳ ಪಟ್ಟಿ ಹಿಡಿದು ಬಾಟ್ಲಿಗಳದ್ದಕ್ಕೆ ಕಾಯುತ್ತಿತ್ತು. ಯಾವುದೂ ಬಿಟ್ಟುಕೊಡಲಿಲ್ಲ. ಹೊರಗೆ ಸಾಲಿನಲ್ಲಿ ಹದಿನಾಲ್ಕು ಜನ. ಗೌಸಮೊದ್ದೀನ ಕೈಯಲ್ಲೇ ಚೀಟಿ ಬರೆದು ಕೊಟ್ಟು ಆ ದಿನ ದಾಟಿಸಿದರು.

“ಕೆಲಸಾ ಬಿಡ್ತೇನಿ ಅಂದೆ. ‘ನೀವು ಬಿಟ್ಟು ಹೋದ್ರ ತಪ್ಪು ಇಲ್ಲೇ ಉಳೀತೈತಲ್ರಿ’ ಅಂದ್ರು ಗೌಸಮೊದ್ದೀನ ಅಣ್ಣಾರು. ಸುಮ್ಮನ ಕೂತು ಮೊದಲಿಂದ ಓದಾಕ ಹತ್ತಿದೆ.”

ಒಂಬತ್ತು ದಿನ ಸಾಲು ಸಾಲಾಗಿ ಓದಿದರು. ಬೀಗ ಹಾಕಿದ್ದ ಮೂವತ್ತೊಂದು ಜಾಗಗಳಲ್ಲೂ ಒಂದೇ ನಿಯಮ ತಂದರು: ಮೊದಲು ಬಾಟ್ಲಿಗಳ ಪಟ್ಟಿ, ಆಮೇಲೆ ರೋಗಿಗಳದ್ದು. ಎಲ್ಲಿಯೂ ಹಿಂದುಮುಂದಾಗಬಾರದು. ಎಲ್ಲ ಥ್ರೆಡ್‌ಗಳೂ ಒಂದೇ ಕ್ರಮದಲ್ಲಿ ಬಂದರೆ ಎದುರುಬದುರು ಸಿಕ್ಕಿಬೀಳುವ ಮಾತೇ ಇಲ್ಲ.

ಈಗ ೨೦೦೬. ದಿನಕ್ಕೆ ಎಪ್ಪತ್ತು, ಎಂಬತ್ತು ಚೀಟಿ ಹೋಗುತ್ತವೆ. ಮೂರು ವರ್ಷದಲ್ಲಿ ಒಂದು ಬಾಟ್ಲಿಯೂ ಇಬ್ಬರ ಪಾಲಾಗಿಲ್ಲ. ಆದರೂ ಫೋನು ಬಡಿದುಕೊಂಡರೆ ಮೊದಲು ಓಡಿ ಎತ್ತುವವರು ಅವರೇ. ಮಾತಿನ ನಡುವೆ ಎರಡು ಸಲ ಎದ್ದು ಹೋಗಿ ಕಿಟಕಿಗಳನ್ನು ನೋಡಿ ಬಂದರು.

ಮಗಳ ಕೆಲಸ ಏನೆಂದು ತಾಯಿ ದುರ್ಗವ್ವರಿಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. ಸಂಜೆ ಚಹಾ ಕೊಡುತ್ತಾ, “ಇವತ್ತೇನಾತವಾ ಆಫೀಸಿನ್ಯಾಗ?” ಎಂದು ಕೇಳುತ್ತಾರಂತೆ. “ಏನೂ ಆಗಲಿಲ್ಲ ಬೇ,” ಎಂದರೆ, “ಏನೂ ಆಗದ ಕೆಲಸಕ್ಕ ನಸಿಕಿನ್ಯಾಗ ಯಾಕ ಓಡತಿ?” ಎಂದು ನಗುತ್ತಾರಂತೆ.

“ಅಕಿಗೆ ಹೆಂಗ ತಿಳಿಸಿ ಹೇಳ್ಲಿರಿ?” ಎನ್ನುತ್ತಾರೆ ಹುಲಿಗೆವ್ವ. “ಏನೂ ಆಗಲಿಲ್ಲ ಅಂತ ಹೇಳಾಕ ನನಗ ಇಡೀ ದಿನಾ ಹಿಡೀತೈತಿ.”