ಹ್ಯಾಂಡಲ್ ಮುದ್ದಣ್ಣನ ಹೆಬ್ಬೆರಳು

ಮಧುಗಿರಿಯಲ್ಲಿ ಬರೀ ಮುದ್ದಣ್ಣ ಅಂತ ಕೇಳಿದ್ದರೆ ಯಾರೂ ಮನೆ ತೋರಿಸುತ್ತಿರಲಿಲ್ಲ, ಹ್ಯಾಂಡಲ್ ಮುದ್ದಣ್ಣ ಅನ್ನಬೇಕಿತ್ತು. ನಂದೀಶ್ವರಯ್ಯನವರ ಬಸ್ಸಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ತಿರುವಿ, ಇಂಜಿನ್ನನ್ನು ಎಬ್ಬಿಸುವುದು ಅವನ ಕೆಲಸ. ಮಹಾರಾಜರ ಕಾಲ ಅದು, ತಾನಾಗಿ ಏಳುವ ಬುದ್ಧಿ ನಮ್ಮೂರ ಬಸ್ಸಿಗಿನ್ನೂ ಬಂದಿರಲಿಲ್ಲ. ಪಾವಗಡಕ್ಕೆ ಹೊರಟ ಶೆಟ್ಟರು, ಅಮಲ್ದಾರರ ಕಚೇರಿಯ ಗುಮಾಸ್ತರು, ಮಗು ಎತ್ತಿಕೊಂಡ ಬಾಣಂತಿಯರು ಎಲ್ಲರೂ ಒಳಗೆ ಕೂತು, ಗಾಜಿನಾಚೆ ಇವನ ತಲೆ ಮುಳುಗಿ ಏಳುವುದನ್ನೇ ನೋಡುತ್ತಿದ್ದರು.

ನಾನು ಅವನ ಪಕ್ಕದ ಮನೆಯವಳು. ಅವನ ಹೆಂಡತಿ ಕಾಟಮ್ಮ ನನಗೆ ಹೇಳದೆ ಉಳಿಸಿಕೊಂಡ ಮಾತು ಬಹಳ ಕಡಿಮೆ. ಹಾಗಾಗಿ ನಾನು ಕಣ್ಣಾರೆ ಕಾಣದ ಸಂಗತಿಗಳೂ ಇಲ್ಲಿ ಬರುತ್ತವೆ. ಅದಕ್ಕೆ ಯಾರೂ ತಕರಾರು ಎತ್ತಬೇಡಿ, ಕಂಡಿದ್ದವರೆಲ್ಲ ನನಗಿಂತ ಕೆಟ್ಟದಾಗಿ ಹೇಳುತ್ತಾರೆ.

ಅವನಿಗೆ ಹ್ಯಾಂಡಲ್ ಹೊಡೆಯುವುದನ್ನು ಕಲಿಸಿದವರು ಆ ಬಸ್ಸಿನ ಡ್ರೈವರ್, ಸಿರಾದ ಬುಡನ್ ಸಾಹೇಬರು. ಇಂಜಿನ್ ಒಮ್ಮೊಮ್ಮೆ ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಹ್ಯಾಂಡಲನ್ನು ಸುತ್ತಿಕೊಂಡಿದ್ದರೆ ಮುರಿದೇ ಹೋಗುತ್ತದೆ. ಅದನ್ನು ಮಿಕ್ಕ ನಾಲ್ಕು ಬೆರಳುಗಳ ಪಕ್ಕಕ್ಕೇ ಮಲಗಿಸಿಕೊಂಡಿದ್ದರೆ ಹ್ಯಾಂಡಲ್ ಜಾರಿಹೋಗಿ ಕೈ ಉಳಿಯುತ್ತದೆ.

"ದೇಖೋ ಮುದ್ದಣ್ಣ, ಇಂಜಿನ್ ಮೇಲೆ ಪ್ಯಾರ್ ಇರ್ಲಿ, ಭರೋಸಾ ಬ್ಯಾಡ," ಅನ್ನುತ್ತಿದ್ದರು ಸಾಹೇಬರು.

ಮುದ್ದಣ್ಣ ಅದನ್ನು ಮಂತ್ರೋಪದೇಶದ ಹಾಗೆ ತೆಗೆದುಕೊಂಡ. ಕೈಗೆ ಅದು ಎಷ್ಟು ರೂಢಿಯಾಯಿತೆಂದರೆ ಬಾವಿಯ ಹಗ್ಗ, ಹಾರೆ, ಕೊಡೆ ಎಲ್ಲವನ್ನೂ ನಾಲ್ಕೇ ಬೆರಳಲ್ಲಿ ಹಿಡಿಯತೊಡಗಿದ. ಹೀಗೆ ಹಿಡಿಯುತ್ತಿದ್ದೇನೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಇಂಥವನಿಗೆ ಹೊಳವನಹಳ್ಳಿಯ ಕಾಟಮ್ಮನ ಜೊತೆ ಮದುವೆಯಾಯಿತು. ಧಾರೆಯ ಹೊತ್ತಿನಲ್ಲಿ ಅವಳ ಕೈ ಹಿಡಿದ, ನಾಲ್ಕೇ ಬೆರಳಲ್ಲಿ. ಪಕ್ಕದಲ್ಲೇ ನಿಂತಿದ್ದ ಅವಳ ಸೋದರತ್ತೆ ಚಿಕ್ಕಕ್ಕನ ಕಣ್ಣಿಗೆ ಅದು ಬಿತ್ತು. ಚಿಕ್ಕಕ್ಕನ ಕಣ್ಣಿಗೆ ಬೀಳದೆ ಉಳಿದದ್ದು ಹೋಬಳಿಯಲ್ಲೇ ಏನೂ ಇರಲಿಲ್ಲ ಬಿಡಿ.

"ಅದೇನೇ ಅದು, ಕೈ ಹಿಡ್ದವ್ನಾ, ಸುಮ್ನೆ ಮುಟ್ಟವ್ನಾ? ಬಿಗಿಯಾಗಿ ಹಿಡೀದೋನು ಬಾಳ್ಸಾಕಿಲ್ಲ ಕಣೇ," ಎಂದು ಕಾಟಮ್ಮನ ಕಿವಿಯಲ್ಲಿ ಉಸುರಿದಳು.

ಅಲ್ಲಿಂದ ತಲೆಗೆ ಹೊಕ್ಕಿತು ಸಂಶಯದ ಹುಳ. ಬಲವಂತಕ್ಕೆ ಕಟ್ಟಿಕೊಂಡಿದ್ದಾನೆ, ನಾನು ಅವನಿಗೆ ಬೇಡ ಎಂದು ಕಾಟಮ್ಮ ಒಳಗೊಳಗೇ ಬೆಂದಳು. ಬಾಯಿ ಬಿಟ್ಟು ಕೇಳಬಹುದಿತ್ತು, ಕೇಳಲಿಲ್ಲ. ಅವನೋ ದಿನವೆಲ್ಲ ಬಸ್ಸಿನ ಜೊತೆ ಇರುವವನು, ಮನೆಗೆ ಬಂದರೂ ಇಂಜಿನ್ನಿನ ಕೆಮ್ಮಿನ ಸುದ್ದಿಯೇ. ಆಷಾಢ ಬಂತು, ಹೊಸ ಸೊಸೆ ಪದ್ಧತಿಯಂತೆ ತವರಿಗೆ ಹೋದಳು. ಶ್ರಾವಣ ಬಂದರೂ ತಿರುಗಿ ಬರಲಿಲ್ಲ. ಹೇಳಿ ಕಳಿಸಿದರೆ "ನಾ ಬರಾಕಿಲ್ಲ" ಅನ್ನುವುದೊಂದೇ ಉತ್ತರ.

ಮುದ್ದಣ್ಣ ಸೊರಗಿಹೋದ. ಮುದ್ದೆ ಮುರಿದು ಹಾಗೇ ಕೂತಿರುತ್ತಿದ್ದ. ಏನು ತಪ್ಪು ಮಾಡಿದೆನೋ ಎಂದು ಯೋಚಿಸಿ ಯೋಚಿಸಿ ಸುಸ್ತಾದನೇ ಹೊರತು ಏನೂ ಹೊಳೆಯಲಿಲ್ಲ. ಪಾಪ, ಹೇಗೆ ಹೊಳೆಯಬೇಕು? ಕೊನೆಗೆ ನಂದೀಶ್ವರಯ್ಯನವರೇ, "ಸಂತೆ ದಿನ ಬಸ್ಸು ಕೊರಟಗೆರೆ ದಾಟಿ ಹೊಳವನಹಳ್ಳಿಗೂ ಹೋಗಿಬರ್ಲಿ. ಬರುವಾಗ ಹೆಂಡ್ತೀನ ಕೂರಿಸ್ಕೊಂಡೇ ಬಾ," ಅಂದರು.

ಸಂತೆಯಲ್ಲಿ ಹುಣಸೆಮರದ ಕೆಳಗೆ ಬಸ್ಸು ನಿಂತಿತು. ಕಾಟಮ್ಮ ಅಣ್ಣ ಬೊಮ್ಮಣ್ಣನ ಜೊತೆ ಬಂದಿದ್ದಳು. ಮುದ್ದಣ್ಣ ಹತ್ತಿರ ಹೋಗಿ, "ಬಾ ಕಾಟಮ್ಮ, ಮನೆಗೋಗಾನ," ಅಂದ. ಅವಳು ಮುಖ ತಿರುಗಿಸಿದಳು. ಬೊಮ್ಮಣ್ಣ ಗರಡಿ ಆಳು, ತಂಗಿಯ ಪರವಾಗಿ ಸಿಟ್ಟು ತುಂಬಿಕೊಂಡೇ ಬಂದಿದ್ದ.

"ಎಂಡ್ರು ಕೈ ಹಿಡಿಯಾಕೇ ತಿಳೀದೋನು ಮೋಟಾರು ಹೆಂಗ್ಲಾ ತಿರುವ್ತೀಯ? ಸರ್ಕೋ ಅತ್ಲಾಗೆ," ಎನ್ನುತ್ತಾ ಬಸ್ಸಿನ ಮೂತಿಯಲ್ಲೇ ಇದ್ದ ಹ್ಯಾಂಡಲಿಗೆ ಕೈ ಹಾಕಿದ. ಕತ್ತಿಯ ಹಿಡಿ ಹಿಡಿದ ಹಾಗೆ ಹೆಬ್ಬೆರಳು ಸುತ್ತಿ ಬಿಗಿಯಾಗಿ ಹಿಡಿದಿದ್ದ.

"ಹೆಬ್ಬೆಟ್ಟು ಬುಡಿ ಬಾವ, ಹೆಬ್ಬೆಟ್ಟು ಈಚೆ ತೆಗೀರಿ," ಎಂದು ಮುದ್ದಣ್ಣ ಓಡಿದ. ಅಷ್ಟರಲ್ಲಿ ಬೊಮ್ಮಣ್ಣ ಮೈಭಾರವನ್ನೆಲ್ಲ ಬಿಟ್ಟು ಅದುಮಿದ್ದ. ಇಂಜಿನ್ ಒದೆಯಿತು. ಬೊಮ್ಮಣ್ಣ ಕೈ ಹಿಡಿದುಕೊಂಡು ನೆಲಕ್ಕೆ ಕೂತ.

ಮುದ್ದಣ್ಣ ಹೆಗಲಿನ ಟವಲು ಹರಿದು, ಬಿದಿರ ಚಕ್ಕೆ ಇಟ್ಟು, ಭಾವನ ಮುರಿದ ಹೆಬ್ಬೆರಳನ್ನು ಕಟ್ಟಿದ. ಕಟ್ಟುವಾಗ ಮಗುವಿಗೆ ಹೇಳುವಂತೆ ಹೇಳಿದ: "ಇದುನ್ನ ಸುತ್ತಬಾರ್ದು ಬಾವ. ನೋಡಿ, ಇಂಗೆ ಪಕ್ಕದಾಗೆ ಮಲಗಿಸ್ಕಬೇಕು. ನಂಗೂ ಮೊದ್ಲು ತಿಳೀತಿರ್ಲಿಲ್ಲ."

ಕಾಟಮ್ಮ ಅವನು ತೋರಿಸಿದ ಕೈಯನ್ನು ನೋಡಿದಳು. ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು.

"ಧಾರೇಲಿ ನನ್ ಕೈನೂ ಇಂಗೇ ಹಿಡ್ದ್ರಲ್ಲ," ಅಂದಳು. "ನಾನೂ ಒದ್ದುಬುಡ್ತೀನಿ ಅಂತಲಾ?"

"ಅಂಗಾ ಹಿಡ್ದಿದ್ದೆ?" ಅಂದ ಮುದ್ದಣ್ಣ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬುಡನ್ ಸಾಹೇಬರು ನಕ್ಕು ನಕ್ಕು ಸ್ಟೀರಿಂಗ್ ಮೇಲೆ ತಲೆ ಇಟ್ಟರು. ಕಾಟಮ್ಮ ಅಣ್ಣನಿಗೆ ನೀರು ಕುಡಿಸಿ, ಮನೆಯಿಂದ ಬಟ್ಟೆಗಂಟು ತರಿಸಿಕೊಂಡು ಬಸ್ಸು ಹತ್ತಿದಳು.

ಆಮೇಲೆ ಯುದ್ಧ ಬಂತು, ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಹೊಗೆ ಕುಡಿದು ಓಡಿತು, ಯುದ್ಧ ಮುಗಿಯಿತು. ನಂದೀಶ್ವರಯ್ಯನವರು ಹೊಸ ಬಸ್ಸು ತಂದರು. ಅದನ್ನು ಕಾಲಲ್ಲಿ ಒತ್ತಿದರೆ ಸಾಕು, ಎದ್ದುಬಿಡುತ್ತಿತ್ತು. ಮುದ್ದಣ್ಣ ಹಳೇ ಹ್ಯಾಂಡಲನ್ನು ಒರೆಸಿ, ಎಣ್ಣೆ ಹಚ್ಚಿ ಸೀಟಿನ ಕೆಳಗಿಟ್ಟ, ಟಿಕೆಟ್ ಹರಿಯುವ ಕೆಲಸಕ್ಕೆ ನಿಂತ. ನನಗೆ ಆ ಹೊಸ ಬಸ್ಸಿನ ಮೇಲೆ ಇವತ್ತಿಗೂ ಸಿಟ್ಟಿದೆ.

ಆದರೆ ಕೈ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಸಂಜೆ ಜಗಲಿಯ ಮೇಲೆ ಇಬ್ಬರೂ ಕೂತಿರುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದರೂ ಅವನು ಹೆಂಡತಿಯ ಕೈ ಹಿಡಿಯುತ್ತಿದ್ದ, ಅದೇ ನಾಲ್ಕು ಬೆರಳಲ್ಲಿ. ಕಾಟಮ್ಮ ಇನ್ನೊಂದು ಕೈಯಿಂದ ಅವನ ಹೆಬ್ಬೆರಳನ್ನು ಮೆಲ್ಲಗೆ ಬಗ್ಗಿಸಿ ತನ್ನ ಕೈಯ ಸುತ್ತ ಇಟ್ಟುಕೊಳ್ಳುತ್ತಿದ್ದಳು.

"ಒದೆಯಾಕಿಲ್ಲ, ಹಿಡ್ಕಳಿ," ಅನ್ನುತ್ತಿದ್ದಳು.