ಒಬ್ಬ ಪುತ್ರ, ಒಬ್ಬ ಪುತ್ರಿ

ಮಹಾನವಮಿ ಅಮಾವಾಸ್ಯೆ ಬಂದಾಗಲೆಲ್ಲ ಅವ್ವನ ಕೈ ಒಂದು ಕಡೆ ತಡೆಯುತ್ತಿತ್ತು. ತೀರಿಕೊಂಡ ಹಿರಿಯರ ಹೆಸರು ಹೇಳಿ ಒಂದೊಂದು ಮುತ್ತಲ ಎಲೆಗೆ ಹೋಳಿಗೆ, ಅನ್ನ, ಪುಂಡಿಪಲ್ಯ ಬಡಿಸುತ್ತ ಬಂದವಳು ಕೊನೆಯ ಎಲೆಯ ಮುಂದೆ ಕುಳಿತುಬಿಡುತ್ತಿದ್ದಳು. ಆ ಎಲೆ ಅವಳ ಅಕ್ಕನದು, ನನಗೆ ದೊಡ್ಡವ್ವ. ದೊಡ್ಡವ್ವ ಬದುಕಿದ್ದಾಳೋ ಇಲ್ಲವೋ ನಮಗೆ ತಿಳಿದಿರಲಿಲ್ಲ. ಬದುಕಿದ್ದವರಿಗೆ ಎಡೆ ಹಿಡಿಯಬಾರದು. ಸತ್ತವರಿಗೆ ಹಿಡಿಯದಿದ್ದರೆ ಅವರು ಹೊಸ್ತಿಲವರೆಗೆ ಬಂದು ಹಸಿದು ಹೋಗುತ್ತಾರೆ. ಅವ್ವ ಎಲೆ ಹಾಸುತ್ತಿದ್ದಳು, ಬಡಿಸುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಖಾಲಿ ಎಲೆಯನ್ನು ಮಡಚಿ ಒಯ್ಯುತ್ತಿದ್ದಳು.

ಅವ್ವನ ತವರು ಯಾದಗಿರಿ ಸೀಮೆಯ ಕುರಿ ಸಾಕುವ ಮನೆ. ದೊಡ್ಡವ್ವನನ್ನು ಸುರಪುರದ ಕಡೆಯ ಒಂದು ಕುರಿಗಾಹಿ ಮನೆಗೆ ಕೊಟ್ಟು, ಆ ಮನೆಯ ಹುಡುಗಿಯನ್ನು ನನ್ನ ಸೋದರಮಾವನಿಗೆ ತಂದಿದ್ದರು. ಅದಲು ಬದಲು ಲಗ್ನ. ಇಂಥ ಲಗ್ನಗಳಲ್ಲಿ ಒಂದು ಮನೆಯ ಜಗಳ ಇನ್ನೊಂದು ಮನೆಗೂ ಹೋಗುತ್ತದೆ. ಸೋದರಮಾವನ ಹೆಂಡತಿ ಸಿಟ್ಟಾಗಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹಾಗಾದರೆ ನೀನೂ ಗಂಡನನ್ನು ಬಿಟ್ಟು ಬಾ ಎಂದು ಅವ್ವನ ಮನೆಯವರು ದೊಡ್ಡವ್ವನಿಗೆ ಹೇಳಿ ಕಳಿಸಿದರು. ಆಕೆಯ ಮಡಿಲಲ್ಲಿ ಕೂಸಿತ್ತು, ಬರಲಿಲ್ಲ. ಆ ಮನೆಯ ನೀರು ಮುಟ್ಟಬಾರದೆಂದು ಸೋದರಮಾವ ಮನೆದೇವರ ಮೇಲೆ ಆಣೆ ಹಾಕಿದ. ಅವ್ವ ಆಗ ಲಂಗ ಉಡುವ ಹುಡುಗಿ.

ಸೋದರಮಾವ ತೀರಿಕೊಂಡ ವರ್ಷ ಅವ್ವ ನನ್ನನ್ನು ಕರೆದು ಹೇಳಿದಳು: "ತಮ್ಮಾ, ಆಣಿ ಹಾಕಿದಾಂವ ಹೋದ. ಇನ್ನ ನಾ ಕೇಳಬೌದು. ಸತ್ತೋರ ಸುದ್ದಿ ಬರದ ಹೊಟ್ಟಿ ಹೊರದೀದಿ. ನಮ್ಮಕ್ಕಂದೊಂದು ಹುಡುಕಿ ಕೊಡು."

ಹೊಟ್ಟೆ ಹೊರೆದದ್ದು ನಿಜ. ಯಾದಗಿರಿಯ ಒಂದು ಸಣ್ಣ ಪತ್ರಿಕೆಯಲ್ಲಿ ಬಹಳ ಕಾಲ ನಿಧನ ವಾರ್ತೆಗಳನ್ನು ತಿದ್ದುವುದು ನನ್ನ ಪಾಲಿಗಿತ್ತು. ಹೆಸರು, ಊರು, ವಯಸ್ಸು, ಯಾರನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ಐದು ಸಾಲು ಮೀರಿದರೆ ಕತ್ತರಿ. ಅದರಲ್ಲಿ ದುಃಖಕ್ಕೆ ಜಾಗವಿರಲಿಲ್ಲ, ಇರಬೇಕೆಂದೂ ನನಗೆ ಅನಿಸಿರಲಿಲ್ಲ.

ದೊಡ್ಡವ್ವನ ಗಂಡನ ಮನೆಯವರು ಹಿಂಡು ಮಾರಿ ಹಳೆಯ ಊರು ಬಿಟ್ಟಿದ್ದರು. ಕಾಲುವೆ ನೀರಿನ ಕಡೆ ಹೋದರು ಎಂದಷ್ಟೇ ಆ ಊರಿನವರು ಹೇಳಿದರು. ಶಹಾಪುರದಲ್ಲಿ ಈಗ ನಿಂತುಹೋಗಿರುವ ಒಂದು ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅದರ ಮಾಲೀಕರು ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕಟ್ಟಿಸಿ ಇಟ್ಟಿದ್ದರು. ನೋಡಲು ಒಪ್ಪಿದರು. "ಇಲಿ ಬಿಟ್ಟಿದ್ದು ನಿಮಗ" ಎಂದು ಬೀಗ ತೆಗೆದರು.

ಗೊತ್ತಿರುವ ಸಾವಿನಿಂದ ಶುರು ಮಾಡಿದೆ. ನನ್ನ ತಾತ, ಅಂದರೆ ಅವ್ವನ ತಂದೆ, ತೀರಿಕೊಂಡಾಗ ನಾನಿನ್ನೂ ಪತ್ರಿಕೆ ಸೇರಿರಲಿಲ್ಲ. ಈ ಪತ್ರಿಕೆಗೆ ಸುದ್ದಿ ಕೊಟ್ಟು ಬಂದವನು ಸೋದರಮಾವ. ಅದು ಸಿಕ್ಕಿತು. ಊರು ಸರಿ, ವಯಸ್ಸು ಅಂದಾಜು ಸರಿ. ಆಮೇಲೆ, "ಮೃತರು ಒಬ್ಬ ಪುತ್ರ, ಒಬ್ಬ ಪುತ್ರಿಯನ್ನು ಅಗಲಿದ್ದಾರೆ."

ತಾತನಿಗೆ ಇಬ್ಬರು ಹೆಣ್ಣುಮಕ್ಕಳು. ಕೈತಪ್ಪಲ್ಲ ಇದು. ಅವ್ವನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

"ಅಣ್ಣ ಬರಸ್ಯಾನ. ಅವನ ಸಿಟ್ಟು ಮೂಗಿನ ತುದೀಗಿ ಇರ್ತಿದ್ದಿಲ್ಲ, ಎಲುಬಿನ್ಯಾಗ ಇರ್ತಿತ್ತು."

ಅನೇಕ ವಾರ ಹುಡುಕಿದ ಮೇಲೆ, ಈಚಿನ ವರ್ಷಗಳ ಕಟ್ಟಿನಲ್ಲಿ ದೊಡ್ಡವ್ವನ ಗಂಡನ ನಿಧನ ವಾರ್ತೆ ಸಿಕ್ಕಿತು. ಡೊಳ್ಳು ಬಾರಿಸುತ್ತಿದ್ದ ಮನುಷ್ಯ, ಅದಕ್ಕೇ ಸುದ್ದಿಯಾಗಿದ್ದ. ಬೆರಳಿನ ಉಗುರಿನಷ್ಟು ಫೋಟೊ, ತಲೆಗೆ ರುಮಾಲು. ವನದುರ್ಗದ ಕಡೆಯ ಒಂದು ಹಳ್ಳಿಯ ಹೆಸರಿತ್ತು. "ಮೃತರು ಪತ್ನಿ, ಮೂವರು ಪುತ್ರರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ."

ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಅವ್ವನ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು.

"ಇವನ. ಆ ಕಿವಿ ನೋಡು, ಮೊರ ಇದ್ದಂಗ. ಲಗ್ನದಾಗ ನಾವೆಲ್ಲಾ ಹುಡುಗ್ಯಾರು ಆ ಕಿವಿ ಜಗ್ಗಿ ಓಡಿದ್ವಿ. ಏನ್ ಬರದಾರ, ಓದು."

ಓದಿದೆ. ಪತ್ನಿ ಎಂದದ್ದೇ ಅವಳು ನನ್ನ ಮೊಣಕೈ ಹಿಡಿದಳು. "ಅಂದ್ರ ಅಕ್ಕ ಅದಾಳ!"

"ಅವ್ವಾ, ಪೇಪರ್ನ್ಯಾಗ ಅಷ್ಟು ಬರದದ, ಅಷ್ಟ. ಅದನ್ನ ಪೂರಾ ನಂಬಬ್ಯಾಡ" ಎಂದೆ. ಹಳ್ಳಿಗಳಿಂದ ಬರುವ ವರದಿಗಳಲ್ಲಿ ಗಂಡಸು ಸತ್ತರೆ 'ಪತ್ನಿ' ಎಂಬ ಪದ ತಾನಾಗಿಯೇ ಬಂದು ಕೂರುವುದನ್ನು ನಾನು ನೋಡಿದ್ದೆ. ಸುದ್ದಿಗಾರರು ಮಕ್ಕಳ ಸಂಖ್ಯೆ ಕೇಳುತ್ತಾರೆ, ಹೆಂಡತಿ ಇದ್ದಾಳೆಯೇ ಎಂದು ಕೇಳುವವರು ಕಡಿಮೆ. ಕಚೇರಿಯಲ್ಲಿ ಕುಳಿತು ತಿದ್ದುವವರಿಗೆ ಅದನ್ನು ಪರೀಕ್ಷಿಸುವ ದಾರಿಯೂ ಇಲ್ಲ.

ಇದನ್ನೆಲ್ಲ ಅವ್ವ ಕೇಳಿಸಿಕೊಳ್ಳಲಿಲ್ಲ. ಮರುದಿನವೇ ಪೇಟೆಗೆ ಹೋಗಿ ತವರಿನ ಕಾಣಿಕೆಯೆಂದು ಒಂದು ಇಳಕಲ್ ಸೀರೆ ತಂದಳು. ಗಂಡ ಸತ್ತವಳಿಗೆ ಕೊಡುವ ಸೀರೆ, ಹಸಿರು ಬೇಡ, ಅರಿಶಿನದ ಬಣ್ಣವೂ ಬೇಡ ಎಂದು ಅಂಗಡಿಯವನ ಗಂಟುಗಳನ್ನೆಲ್ಲ ಬಿಚ್ಚಿಸಿ ಬೂದು ಬಣ್ಣದ್ದನ್ನು ಆರಿಸಿದ್ದಳು. ಕುಂಕುಮದ ಪೊಟ್ಟಣ ಚೀಲದಲ್ಲಿ ಇರಲಿಲ್ಲ.

ಶಹಾಪುರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆವು. ಡೊಳ್ಳಿನವರ ಮನೆ ಎಂದಾಗ ಕಟ್ಟೆಯ ಮೇಲಿದ್ದವರು ಬೆರಳು ತೋರಿಸಿದರು. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ದೊಡ್ಡವ್ವನ ಹಿರಿಯ ಸೊಸೆ. ನಾವು ಯಾರೆಂದು ಹೇಳುವ ಮೊದಲೇ ಅವಳು ಅವ್ವನ ಮುಖ ನೋಡಿ ಸೆರಗು ಬಾಯಿಗೊತ್ತಿಕೊಂಡಳು.

"ಕುಂದ್ರ್ರಿ ಸಣ್ಣತ್ತಿ" ಎಂದು ಚಾಪೆ ಹಾಸಿ, ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದಳು.

ಅವ್ವ ತಂಬಿಗೆಯನ್ನು ಒಂದು ಕ್ಷಣ ನೋಡಿದಳು. ಎತ್ತಿ ಒಂದೇ ಉಸಿರಿಗೆ ಕುಡಿದಳು.

"ನಮ್ಮಕ್ಕ ಎಲ್ಲದಾಳವ್ವಾ?"

"ಅತ್ತಿ ಹೋಗ್ಯಾಳ್ರಿ. ಮಾವಗಿಂತ ಮೊದಲ ಹೋದ್ಲು. ಹಸರು ಸೀರಿ ಉಡಿಸಿ, ಕೈತುಂಬ ಬಳಿ ಇಡಿಸಿ, ಮುತ್ತೈದಿನ್ನ ಮಾಡಿ ಕಳಿಸೀವಿ."

"ಪೇಪರ್ನ್ಯಾಗ ಹೆಂಡ್ತಿ ಅದಾಳ ಅಂತ ಬರದಿತ್ತಲ್ಲ?"

"ಬರದಿತ್ತ್ರಿ. ಪೇಪರಿನಾಂವ ಫೋನ್ ಮಾಡಿ ಮಕ್ಕಳೆಷ್ಟು ಅಂತಷ್ಟ ಕೇಳಿದ. ಹೆಂಡ್ತಿನ್ನ ಅವನ ಕೂಡ್ಸ್ಯಾನ. ಅಳೂ ಮನ್ಯಾಗ ನಮಗ ನಗಿ ಬಂತು, ಮಾವ ಹೋಗೂದಕ್ಕ ಅತ್ತಿ ತಿರುಗಿ ಬಂದ್ಲಲ್ಲಾ ಅಂತ."

ಅವ್ವ ಮಡಿಲಲ್ಲಿದ್ದ ಚೀಲದ ಬಾಯಿಯನ್ನು ಗಟ್ಟಿಯಾಗಿ ಸುತ್ತಿದಳು. ಒಳಗಿನ ಸೀರೆ ಕಾಣಬಾರದೆಂಬಂತೆ.

ಸೊಸೆ ಹೇಳುತ್ತ ಹೋದಳು. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಚಹದಂಗಡಿಯಲ್ಲಿ ಓದಿ ಬಿಟ್ಟ ಪತ್ರಿಕೆಯನ್ನು ಇಸಿದುಕೊಂಡು ಬಂದು ಸೊಸೆಯ ಮುಂದೆ ಇಡುತ್ತಿದ್ದಳಂತೆ.

"ಬ್ಯಾರೆ ಸುದ್ದಿ ಓದಗೊಡ್ತಿದ್ದಿಲ್ರಿ. 'ಸತ್ತೋರನ್ನ ಓದು' ಅನ್ನಾಕಿ. ತನ್ನ ತವರೂರಿನ ಹೆಸರು ಬರತದೇನಂತ ನೋಡಾಕಿ. ಮಾವ ಚ್ಯಾಷ್ಟಿ ಮಾಡಾಂವ, 'ನನ್ನ ಹೆಸರು ಬಂದದೇನ್ ನೋಡ, ಬಂದಿದ್ರ ರೊಟ್ಟಿ ಮಾಡೂದು ಬಿಡು' ಅಂತಿದ್ದ."

"ನಮ್ಮಪ್ಪಂದು ಓದಿದ್ದಿ?" ಅವ್ವ ಕೇಳಿದಳು.

"ಓದೀನ್ರಿ. ಆಗ ನಾ ಹೊಸದಾಗಿ ಬಂದಿದ್ದೆ, ಏನೂ ಗೊತ್ತಿದ್ದಿಲ್ಲ. ಇದ್ದಂಗ ಓದಿಬಿಟ್ಟೆ, ಒಬ್ಬ ಮಗ, ಒಬ್ಬಾಕಿ ಮಗಳು ಅಂತ. ಓದಿದ ಮ್ಯಾಲ ಆಕಿ ಮಾರಿ ನೋಡಿದೆ. ಇನ್ನೊಮ್ಮೆ ಓದು ಅಂದ್ಲು. ಓದಿದೆ. ಎದ್ದು ಹೋಗಿ ತಲಿ ಮ್ಯಾಲ ನೀರು ಸುರಕೊಂಡು, ಹಸಿ ಸೀರಿಮ್ಯಾಲೇ ಬಂದು ಕುಂತ್ಲು. 'ನನ್ನ ತಂಗಿ ಅದಾಳ' ಅಂದ್ಲು."

"ಏನಂದ್ಲು?"

"ಹೌದ್ರಿ. 'ಅದ್ಹೆಂಗತ್ತಿ?' ಅಂದೆ. 'ನಮ್ಮಣ್ಣ ನನ್ನ ಎಣಿಸಾಂವಲ್ಲ. ಆ ಒಬ್ಬಾಕಿ ಆಕೀನ' ಅಂದ್ಲು. ಅವತ್ತಿಂದ ಅಮಾಸಿಗೊಮ್ಮೆ ತಂದೀಗಿ ಎಡಿ ಹಿಡದ್ಲು. ನಿಮಗ ಹಿಡೀಲಿಲ್ಲ."

ಅವ್ವ ಅತ್ತಳು. ನನ್ನ ಅಪ್ಪ ಹೋದಾಗಲೂ ಅವಳು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಕೇಳಿರಲಿಲ್ಲ. ಸೊಸೆ ಬೆನ್ನು ಸವರುತ್ತ ಕುಳಿತಳು. ಒಳಗೆ ಗೋಡೆಯ ಮೊಳೆಗೆ ಡೊಳ್ಳು ತೂಗುತ್ತಿತ್ತು. ನಾನು ಅದರ ಕಡೆ ನೋಡುತ್ತಿದ್ದೆ.

ಸುಳ್ಳು ಸಾಲುಗಳಿಗೆ ಪತ್ರಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಇವೆರಡಕ್ಕೂ ಹಾಕಿರಲಿಲ್ಲ. ಸಿಟ್ಟಿನಿಂದ ಬರೆಸಿದ ಸಾಲು ದೊಡ್ಡವ್ವನಿಗೆ ನಿಜವನ್ನೇ ತಿಳಿಸಿತ್ತು. ರೂಢಿಯಿಂದ ಬರೆದ ಸಾಲು ಅವ್ವನಿಗೆ ಒಂದಷ್ಟು ದಿನ ಅಕ್ಕನನ್ನು ಕೊಟ್ಟು ತಿರುಗಿ ಕಿತ್ತುಕೊಂಡಿತು.

ಊರಾಚೆಯ ಹೊಲದ ಬದುವಿನಲ್ಲಿ ದೊಡ್ಡವ್ವನನ್ನು ಮಣ್ಣು ಮಾಡಿದ್ದರು. ಪಕ್ಕದಲ್ಲೇ ಗಂಡ. ಅವ್ವ ಎರಡು ಕಲ್ಲುಗಳಿಗೂ ನೀರು ಹಾಕಿದಳು. ಆ ಬೂದು ಸೀರೆಯನ್ನು ಅಲ್ಲಿಯೂ ತೆಗೆಯಲಿಲ್ಲ, ಸೊಸೆಗೂ ಕೊಡಲಿಲ್ಲ.

ಶಹಾಪುರದಲ್ಲಿ ಯಾದಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ ಬಜಾರಕ್ಕೆ ನಡೆದಳು. ಮೊದಲು ಒಂದು ಹಸಿರು ಸೀರೆ. ಆಮೇಲೆ ಬಳೆಯ ಅಂಗಡಿ.

"ಹಸರು ಗಾಜಿನ ಬಳಿ ಕೊಡಪ್ಪಾ."

"ಯಾರಿಗ್ರಿ ಯವ್ವಾ? ಅಳತಿ ಹೇಳ್ರಿ."

ಅವ್ವ ತನ್ನ ಕೈ ಚಾಚಿದಳು. ಅಪ್ಪ ತೀರಿಕೊಂಡಾಗಿನಿಂದ ಬಳೆ ಕಾಣದ ಕೈ. "ನಮ್ಮಕ್ಕಗ. ಸಣ್ಣಾಕಿದ್ದಾಗ ಆಕಿ ಬಳಿ ನಾ ಕದ್ದು ಇಟ್ಕೋತಿದ್ದೆ. ನನಗ ಸರಿಯಾಗಿ ಬರ್ತಿದ್ವು."

ಬಳೆಗಾರ ಅವಳ ಬರಿಗೈ ನೋಡಿ ತುಸು ಹಿಂಜರಿದ. ಮತ್ತೇನೂ ಕೇಳದೆ ಒಂದು ಬಳೆ ತೆಗೆದು, ಅವಳ ಬೆರಳುಗಳನ್ನು ಮೆಲ್ಲಗೆ ಒತ್ತಿ, ಮುಂಗೈವರೆಗೆ ಏರಿಸಿ ನೋಡಿದ. ಸರಿಯಾಗಿತ್ತು. ಇಳಿಸಿ, ಅದೇ ಅಳತೆಯವನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಆ ವರ್ಷದ ಮಹಾನವಮಿ ಅಮಾವಾಸ್ಯೆಗೆ ಕೊನೆಯ ಎಲೆಯ ಮುಂದೆ ಹಸಿರು ಸೀರೆ, ಬಳೆ, ಕುಂಕುಮದ ಭರಣಿ ಇದ್ದವು. ಅವ್ವ ಎಲ್ಲರಿಗಿಂತ ಮೊದಲು ಆ ಎಲೆಗೇ ಬಡಿಸಿದಳು.